ಮನೆ ಕಡೆಯ ತೊಗಟೆ

ಹಿಂಬಾಗಿಲ ಸಿಮೆಂಟು ಮೆಟ್ಟಿಲಿಗೆ ನೀರು ಚಿಮುಕಿಸಿಕೊಂಡು ಶಿವಲಿಂಗಮ್ಮ ಚಾಕು ಮಸೆಯುತ್ತಿದ್ದಳು. ಮರದ ಹಿಡಿಯ ಗಿಡ್ಡ ಚಾಕು. ಗೆಳತಿ ಸಾಲ್ಮೆ ಅದರಲ್ಲಿ ಅಣಬೆ ಕೊಯ್ದಿದ್ದಳು, ಉಣ್ಣೆ ದಾರ ಕತ್ತರಿಸಿದ್ದಳು, ಒಂದು ಸಲ ಶಿವಲಿಂಗಮ್ಮ ತರಿಸಿದ್ದ ಹಲಸಿನಹಣ್ಣು ಬಿಡಿಸಲು ಹೋಗಿ ಕೈಗೆಲ್ಲ ಅಂಟು ಮೆತ್ತಿಕೊಂಡು ಸೋತಿದ್ದಳು. ಆ ಅಂಟಿನ ಕಲೆ ಹಿಡಿಯ ಬುಡದಲ್ಲಿ ಇನ್ನೂ ಇತ್ತು.

ರಾಕೇಶ್ ಕಾಫಿ ಲೋಟ ಹಿಡಿದು ಬಾಗಿಲು ತೆಗೆದ. ಕರಿ ಸೂಟು ಹಾಕಿಕೊಂಡಿದ್ದ, ಕಾಲಲ್ಲಿ ಇನ್ನೂ ಮನೆ ಚಪ್ಪಲಿ.

"ಏನವ್ವ ಇದು? ಫ್ಯೂನರಲ್ ದಿನ ಬೆಳಗಾಗೆದ್ದು ಚಾಕು ಮಸೀತಾ ಕೂತಿದೀಯ?"

"ಇವತ್ತಿಗೇ ಕಣಪ್ಪ ಇದು ಬೇಕಾಗಿರಾದು. ನಿನ್ನೆ ಪೀಟರ್ ಕೊಟ್ಟು ಹೋದ. ಪೂರಾ ಮೊಂಡಾಗದೆ. ಅವನಿಗೆ ಮಸೆಯಾಕೆ ಎಲ್ಲಿ ಬಂದಾದು, ಪಾಪ."

ಪೀಟರ್ ಸಾಲ್ಮೆಯ ಒಬ್ಬನೇ ಮಗ, ಡೆನ್ವರಿನಿಂದ ಬಂದಿದ್ದ. ಸಾಲ್ಮೆ ಇದೇ ಬೀದಿಯ ಮೇಲ್ತುದಿಯ ಮನೆಯವಳು. ಈಸ್ಟ್ ಬ್ರನ್ಸ್‌ವಿಕ್ಕಿನ ಮಕ್ಕಳನ್ನು ಹಳದಿ ಬಸ್ಸಿನಲ್ಲಿ ಶಾಲೆಗೆ ಸಾಗಿಸಿ ಸಾಗಿಸಿ ನಿವೃತ್ತಳಾದವಳು. ಹೋದ ವಾರ ಮಧ್ಯಾಹ್ನ ಉಂಡು, ತಟ್ಟೆ ತೊಳೆದು ಮಗುಚಿಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವಳು ಕೂತಂತೆಯೇ ಹೋಗಿಬಿಟ್ಟಿದ್ದಳು. ಎಂಬತ್ತು ದಾಟಿದ ಜೀವ. ನರಳಲಿಲ್ಲ, ಯಾರಿಗೂ ಕಷ್ಟ ಕೊಡಲಿಲ್ಲ. ಅಂಥ ಸಾವಿಗೆ ಶಿವಲಿಂಗಮ್ಮ ಹೆಚ್ಚು ಅತ್ತಿರಲೂ ಇಲ್ಲ.

ಸಾಲ್ಮೆ ಹುಟ್ಟಿದ್ದು ಎಸ್ಟೋನಿಯ ದೇಶದ ತೆಂಕಣ ಮೂಲೆಯಲ್ಲಿ, ವೊರು ಎಂಬ ಸೀಮೆಯಲ್ಲಿ. ಆ ಸೀಮೆಯಲ್ಲಿ ಒಂದು ರೂಢಿ. ಸತ್ತವರನ್ನು ಮನೆಯಿಂದ ಹೂಳುವ ಜಾಗಕ್ಕೆ ಒಯ್ಯುವಾಗ ದಾರಿಯಲ್ಲಿ ಒಂದು ಪೈನೋ ಸ್ಪ್ರೂಸೋ ಮರದ ಬಳಿ ಎಲ್ಲರೂ ನಿಲ್ಲುತ್ತಾರೆ. ತೊಗಟೆ ಕೆತ್ತಿ ಒಂದು ಶಿಲುಬೆಯ ಗುರುತು ಮಾಡುತ್ತಾರೆ. ಮುಂದೆ ಯಾವತ್ತಾದರೂ ಸತ್ತವರಿಗೆ ಮನೆಯ ನೆನಪಾಗಿ ಎದ್ದು ಬಂದರೆ ಆ ಮರದ ತನಕ ಬರಬಹುದು, ಕೂತು ಸುಧಾರಿಸಿಕೊಂಡು ಹೋಗಬಹುದು. ಗುರುತು ದಾಟಿ ಮನೆಯ ಕಡೆಗೆ ಬರುವಂತಿಲ್ಲ. ಸತ್ತವರಿಗೂ ನೆಮ್ಮದಿ, ಇದ್ದವರಿಗೂ ನೆಮ್ಮದಿ.

"ಎಲ್ಲಿ ಕೆತ್ತೋದಂತೆ?" ರಾಕೇಶ್ ಕೇಳಿದ.

"ಲೇಕ್‌ವುಡ್ಡಲ್ಲಿ. ಸ್ಮಶಾನದ ಗೇಟ್ ತಾವ ಒಂದು ಪೈನ್ ಮರ ಅದಂತೆ."

"ಒಳ್ಳೇದೇ ಆಯ್ತಲ್ಲ."

"ಏನೊಳ್ಳೇದು? ಇಲ್ಲಿಂದ ಕಾರಲ್ಲಿ ಹೋದ್ರೂ ಮುಕ್ಕಾಲು ಗಂಟೆ ದೂರ. ನಾಳೆ ಅವ್ಳು ಎದ್ದು ಬಂದ್ರೆ ಆ ಗೇಟ್ ತಾವೇ ನಿಂತ್ಕಬೇಕು. ಅಲ್ಲಿ ಯಾರವ್ರೆ ಅವ್ಳನ್ನ ಮಾತಾಡ್ಸಾಕೆ?"

"ಅವ್ವ."

"ನಮ್ಮನೆ ಮುಂದ್ಗಡೆ ಕ್ರಿಸ್ಮಸ್ ಮರ ಅದಲ್ಲ, ಅದ್ರಲ್ಲಿ ಕೆತ್ಲಿ."

ರಾಕೇಶ್ ಲೋಟವನ್ನು ಬಾಯಿಂದ ಇಳಿಸಿದ. "ಪೀಟರ್ ಹಾಗಂತ ಕೇಳಿದ್ನಾ?"

"ಅವನ್ಯಾಕೆ ಕೇಳ್ತಾನೆ. ನಾನೇ ಕೇಳವಾ ಅಂತಿದೀನಿ. ನಾವೇನು ಅವ್ರ ನೆಂಟ್ರಲ್ಲ, ಬಾಯಿ ಬುಡಾಕೆ ಸಂಕೋಚ ಆಯ್ತದೆ. ಅದೂ ಅಲ್ಲದೆ ಮನೆ ನಿಂದು. ನೀನು ಹ್ಞೂ ಅಂದ್ರೆ."

"ನೋಡೋಣ ಇರು," ಎಂದು ರಾಕೇಶ್ ಒಳಗೆ ಹೋದ. ಅವನು ಕೌಂಟಿಯ ರಸ್ತೆ ವಿಭಾಗದಲ್ಲಿ ಎಂಜಿನಿಯರು. ಅವನು ನೋಡೋಣ ಎಂದರೆ ಅಳತೆ ಟೇಪು ತರಲು ಹೋದ ಎಂದೇ ಲೆಕ್ಕ.

*

ವರ್ಷಗಳ ಹಿಂದೆ ರಾಕೇಶನ ಮಗಳು ರಿಯಾ ಮೊದಲ ಸಲ ಶಾಲೆಗೆ ಹೊರಟ ದಿನ ಬಸ್ಸು ನಿಂತದ್ದು ಆ ಕ್ರಿಸ್ಮಸ್ ಮರದ, ಅಂದರೆ ಮನೆ ಮುಂದಿನ ಸ್ಪ್ರೂಸ್ ಮರದ, ಬುಡದಲ್ಲೇ. ಬೀದಿಯ ಮಕ್ಕಳಿಗೆಲ್ಲ ಅದೇ ಸ್ಟಾಪು. ಬಸ್ಸಿನ ಪಕ್ಕದಿಂದ 'ನಿಲ್ಲಿ' ಎನ್ನುವ ಕೆಂಪು ಹಲಗೆ ಚಾಚಿಕೊಂಡಿತು, ಕೆಂಪು ದೀಪ ಮಿಣುಕಿದವು, ಎರಡೂ ಕಡೆಯ ಕಾರುಗಳು ನಿಂತವು. ರಿಯಾ ಮಾತ್ರ ಅಜ್ಜಿಯ ಸೆರಗು ಬಿಡಲೊಲ್ಲಳು. ಹಿಂದಿನ ಕಾರಿನವನು ಹಾರನ್ ಒತ್ತಿದ.

ಶಿವಲಿಂಗಮ್ಮ ಊರಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಗಾಬರಿಯಲ್ಲಿ ಡ್ರೈವರ್ ಹೆಂಗಸಿಗೆ ತನಗೆ ಬಂದ ಮಾತಿನಲ್ಲೇ ಹೇಳಿದಳು: "ಒಸಿ ತಡಿಯವ್ವ, ಮಗ ಹೆದ್ರ್‌ಕತದೆ."

ಡ್ರೈವರ್ ಹೆಂಗಸು, ಗಿಡ್ಡ ಬಿಳಿ ಕೂದಲಿನವಳು, ಹಾರನ್ ಕೇಳಿಯೇ ಇಲ್ಲ ಎಂಬಂತೆ ಸ್ಟೀರಿಂಗ್ ಮೇಲೆ ಮೊಣಕೈ ಊರಿ ಮಗುವಿನತ್ತ ಬಾಗಿದಳು. ಏನೋ ಹೇಳಿದಳು. ಅದು ಇಂಗ್ಲಿಷಲ್ಲ ಎಂದು ಶಿವಲಿಂಗಮ್ಮನಿಗೂ ಗೊತ್ತಾಯಿತು. ತೊರೆಯ ನೀರು ಬೆಣಚುಕಲ್ಲಿನ ಮೇಲೆ ಹರಿದಂಥ ಮಾತು. ರಿಯಾ ಅಳು ನಿಲ್ಲಿಸಿ ಬಾಯಿ ತೆರೆದು ಕೇಳಿದಳು, ಕೇಳುತ್ತ ಕೇಳುತ್ತ ಹತ್ತಿಬಿಟ್ಟಳು.

ಆ ಶನಿವಾರ ಆ ಹೆಂಗಸು ಒಂದು ಕಪ್ಪು ರೊಟ್ಟಿ ಹಿಡಿದುಕೊಂಡು ಬಂದಳು. ಒತ್ತಾಗಿದ್ದ, ಕೊಂಚ ಹುಳಿಯಾದ, ರಾಗಿ ಬಣ್ಣದ ರೊಟ್ಟಿ. ಇಂಗ್ಲಿಷು ಸಾಲ್ಮೆಗೆ ನೀರು ಕುಡಿದಷ್ಟು ಸಲೀಸು, ಹುಡುಗಿಯಾಗಿದ್ದಾಗಲೇ ಈ ದೇಶಕ್ಕೆ ಬಂದವಳು. ಶಿವಲಿಂಗಮ್ಮನಿಗೆ ಆಗ ಬರುತ್ತಿದ್ದ ಇಂಗ್ಲಿಷೆಲ್ಲ 'ಥ್ಯಾಂಕ್ಯೂ' ಮತ್ತು 'ನೋ ಮೀಟ್'. ಸೊಸೆ ಹಂಸಾ ನಡುವೆ ನಿಂತು ದುಭಾಷಿಯಾದಳು.

"ಅತ್ತೆ, ಅವರು ಏನ್ ಹೇಳ್ತಿದಾರೆ ಗೊತ್ತಾ? ನಿಮ್ಮತ್ತೆಗೆ ಹೇಗೂ ಇಂಗ್ಲಿಷ್ ತಿಳಿಯಲ್ಲ. ಹಾಗಿದ್ಮೇಲೆ ನಾನ್ಯಾಕೆ ಇಂಗ್ಲಿಷಲ್ಲಿ ಮಾತಾಡ್ಲಿ, ನಮ್ಮಮ್ಮನ ಮಾತೇ ಆಡ್ತೀನಿ, ಅಮ್ಮ ಹೋದ್ಮೇಲೆ ಅದನ್ನ ಕೇಳೋರು ಯಾರೂ ಇಲ್ಲ, ಅಂತ."

"ಆಡ್ಲಿ ಬುಡು," ಎಂದಳು ಶಿವಲಿಂಗಮ್ಮ. "ನಾನು ನಮ್ಮ ಮಾತಾಡ್ತಿನಿ. ಅವ್ಳಿಗೂ ಬ್ಯಾಸರ ಇಲ್ಲ, ನನಗೂ ಇಲ್ಲ."

ಅಂದಿನಿಂದ ಹಾಗೆಯೇ ನಡೆಯಿತು. ಸ್ಪ್ರೂಸ್ ಮರದ ಮೇಲ್ಗಡೆ, ಅಂದರೆ ಸಾಲ್ಮೆಯ ಮನೆಯ ದಿಕ್ಕಿಗೆ, ನೆಲ ಸಮವಾಗಿತ್ತು, ಮಧ್ಯಾಹ್ನದ ಹೊತ್ತು ನೆರಳೂ ಬೀಳುತ್ತಿತ್ತು. ಅಲ್ಲಿ ಎರಡು ಮಡಚುವ ಕುರ್ಚಿ ಬಂದವು. ಬಸ್ಸು ಬರುವ ಮುಂಚೆ, ಬಸ್ಸು ಬಿಟ್ಟ ಮೇಲೆ, ನಿವೃತ್ತಿಯಾದ ಮೇಲಂತೂ ದಿನವೂ, ಒಬ್ಬಳು ವೊರು ಸೀಮೆಯ ಮಾತಿನಲ್ಲಿ, ಒಬ್ಬಳು ಚಾಮರಾಜನಗರದ ಮಾತಿನಲ್ಲಿ. ಮೊದಮೊದಲು ಕೈಸನ್ನೆ ಹೆಚ್ಚು, ಮಾತು ಕಡಿಮೆ. ಆಮೇಲೆ ಕೈ ತಮ್ಮ ಪಾಡಿಗೆ ಹೆಣಿಗೆ ಹಿಡಿದವು. ಸಾಲ್ಮೆ ಸಾಲಮ್ಮನಾದಳು.

"ಏನ್ ಅರ್ಥ ಆಗುತ್ತೋ ಇವರಿಗೆ," ಎಂದು ಹಂಸಾ ಅಡುಗೆಮನೆಯ ಕಿಟಕಿಯಿಂದ ನೋಡಿ ಹೇಳುವಳು.

"ಅರ್ಥ ಆಗ್ದೆ ಇಷ್ಟೊಂದು ನಗ್ತಾರಾ?" ಎನ್ನುವನು ರಾಕೇಶ್.

*

ಟೇಪಿನ ಒಂದು ತುದಿ ರಸ್ತೆಯಂಚಿನ ಕರ್ಬಿನ ಮೇಲೆ, ಇನ್ನೊಂದು ರಾಕೇಶನ ಕೈಯಲ್ಲಿ. ಶಿವಲಿಂಗಮ್ಮ ತುದಿಯ ಮೇಲೆ ಕಾಲಿಟ್ಟು ನಿಂತಿದ್ದಳು. ಬೆಳಗಿನ ವಾಕಿಂಗ್ ಹೊರಟ ಅಶ್ವತ್ಥನಾರಾಯಣರು ಮಂಕಿ ಕ್ಯಾಪಿನೊಳಗಿಂದ ನೋಡಿ ನಿಂತರು. ಎದುರು ಸಾಲಿನ ಮನೆಯವರು, ಮೈಸೂರಿನವರು, ಬೀದಿಯ ಎಲ್ಲ ಸತ್ಯನಾರಾಯಣ ಪೂಜೆಗಳಿಗೂ ಅವರದೇ ಪೌರೋಹಿತ್ಯ.

"ಏನ್ರೀ ರಾಕೇಶ್, ಸೂಟ್ ಹಾಕ್ಕೊಂಡು ಸರ್ವೆ ಮಾಡ್ತಿದೀರಿ?"

ರಾಕೇಶ್ ವಿಷಯ ಹೇಳಿದ.

"ಮನೆ ಮುಂದೆ ಸಾವಿನ ಗುರುತಾ? ಬೇಡಿ ಶಿವಲಿಂಗಮ್ನೋರೆ. ರಿಯಾಗೆ ಗಂಡು ಬೇರೆ ನೋಡ್ತಿದೀರಿ. ಸೂತಕ ಮನೆಗೇ ಅಂಟ್ಕೊಂಡ ಹಾಗಾಗುತ್ತೆ."

"ನಮ್ಗೆ ಸೂತಕ ಇಲ್ಲ ಕಣ್ ಸ್ವಾಮಿ. ನಮ್ಮ ಶರಣರು ಅದನ್ನ ಆಗ್ಲೇ ತಗ್ದಾಕ್‌ಬುಟ್ರು."

"ಆಯ್ತು, ಸೂತಕ ಬಿಡಿ. ಪ್ರೇತ ಬಂದು ನಿಮ್ಮ ಅಂಗಳದಲ್ಲಿ ಕೂತ್ಕೊಳ್ಳುತ್ತೆ ಅಂತ ನೀವೇ ಹೇಳ್ತಿದೀರಲ್ಲ."

"ಪ್ರೇತ ಅಂತ ಯಾಕಂತಿರಿ, ಸಾಲಮ್ಮ ಅನ್ನಿ. ನೀವೂ ಅವ್ಳ ಕೈಯಿಂದ ಕೇಕ್ ತಿಂದಿದೀರಿ."

ಅಶ್ವತ್ಥನಾರಾಯಣರು ಅಷ್ಟಕ್ಕೆ ಸೋಲುವವರಲ್ಲ. "ನಿಮ್ಮ ಧರ್ಮದ ಪ್ರಕಾರವೇ ನೋಡೋಣ. ಸತ್ತೋರು ಲಿಂಗೈಕ್ಯ ಆದ್ರು ಅಂದ್ರೆ ಮುಗೀತು. ತಿರುಗಿ ಬರೋ ಮಾತೇ ಇಲ್ಲ. ಹೌದೋ ಅಲ್ವೋ?"

ಶಿವಲಿಂಗಮ್ಮ ನಿಧಾನವಾಗಿ ಯೋಚಿಸಿದಳು. ಟೇಪಿನ ಮೇಲಿನ ಕಾಲು ಮಾತ್ರ ತೆಗೆಯಲಿಲ್ಲ.

"ಹೌದು. ನಮ್ಮೋರು ಬರಾಕಿಲ್ಲ. ನಮ್ಮ ಯಜಮಾನ್ರನ್ನ ಗದ್ದುಗೆ ಒಳಗೆ ಕೂರ್ಸಿ ಬಂದ್ವಿ, ಇವತ್ತಿನ ಗಂಟ ಎದ್ದಿಲ್ಲ. ಆದ್ರೆ ಅವ್ಳು ನಮ್ಮೋಳಲ್ವಲ್ಲ."

ರಾಕೇಶ್ ನಕ್ಕುಬಿಟ್ಟ. ಟೇಪು ಅವನ ಕೈ ತಪ್ಪಿ ಸರ್ರೆಂದು ಸುರುಳಿ ಸುತ್ತಿಕೊಂಡಿತು. ಮತ್ತೆ ಎಳೆದು ಅಳೆದ. ಫೋನಿನಲ್ಲಿದ್ದ ನಕ್ಷೆ ನೋಡಿದ. ಮರದ ಕಾಂಡಕ್ಕೆ ಒಂದು ಬೆರಳು ಒತ್ತಿ ಹಿಡಿದ.

"ಕರ್ಬಿಂದ ಇಲ್ಲೀವರ್ಗೂ ಟೌನ್‌ಶಿಪ್ಪಿಂದು, ಸರ್ಕಾರದ ಜಾಗ. ಇಲ್ಲಿಂದಾಚೆ ನಮ್ದು. ಗೆರೆ ಸರಿಯಾಗಿ ಮರದ ಮಧ್ಯಕ್ಕೇ ಬೀಳುತ್ತೆ. ಅರ್ಧ ಮರ ನಮ್ದು ಅವ್ವ."

"ಯಾವ ಅರ್ಧ?"

"ಮನೆ ಕಡೇದು. ರಸ್ತೆ ಕಡೆ ತೊಗಟೆ ಮುಟ್ಟೋ ಹಾಗಿಲ್ಲ. ನಾನೇ ಕೌಂಟಿಯಲ್ಲಿ ಕೆಲಸ ಮಾಡ್ಕೊಂಡು ನಾನೇ ಟೌನ್‌ಶಿಪ್ ಮರ ಕೊಯ್ಸಿದೆ ಅಂತಾಗಬಾರ್ದು."

"ಮನೆ ಕಡೇದು ಸಾಕು."

"ಮನೆಗೆ ಮುಖ ಮಾಡಿ?" ಎಂದರು ಅಶ್ವತ್ಥನಾರಾಯಣರು. "ನಾನಂತೂ ಏನೂ ಹೇಳಿಲ್ಲಪ್ಪ." ಕ್ಯಾಪು ಸರಿಮಾಡಿಕೊಂಡು ಹೊರಟುಹೋದರು.

ಹಂಸಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅತ್ತೆ, ಸಿಂಕ್ ಹತ್ರ ನಿಂತ್ರೆ ದಿನಾ ಅದು ನನ್ನ ಕಣ್ಣಿಗೇ ಬೀಳುತ್ತೆ."

"ಬ್ಯಾಡ್ವಾ?"

ಹಂಸಾ ಮರದ ಕಡೆ ನೋಡಿದಳು. ಎರಡು ಕುರ್ಚಿಯೂ ರಾತ್ರಿಯ ಇಬ್ಬನಿಗೆ ನೆನೆದು ನಿಂತಿದ್ದವು.

"ಬೇಡ ಅಂದ್ನಾ? ಮೊದ್ಲು ಪೀಟರ್ ಏನಂತಾರೆ ಕೇಳಿ. ತಾಯಿ ಅವರ್ದು."

*

ಪ್ಯಾಕೆಟ್ಟಿನ ಬೇಳೆಯಲ್ಲಿ ಕಲ್ಲಿರುವುದಿಲ್ಲ ಎಂದು ಹಂಸಾ ಎಷ್ಟು ಹೇಳಿದರೂ ಶಿವಲಿಂಗಮ್ಮ ಆರಿಸದೆ ಕುಕ್ಕರಿಗೆ ಹಾಕಿದವಳಲ್ಲ. ಹೊರಗೆ ಹಿಮ ಬಿದ್ದು ಕುರ್ಚಿಗಳು ಗರಾಜು ಸೇರಿದ್ದ ಒಂದು ಮಧ್ಯಾಹ್ನ ಅವಳೂ ಸಾಲ್ಮೆಯೂ ಅಡುಗೆಮನೆಯ ಮೇಜಿನ ಮೇಲೆ ತೊಗರಿಬೇಳೆ ಹರಡಿಕೊಂಡು ಕೂತಿದ್ದರು. ನಿನ್ನ ಮಾತು ಆಡುವವರು ಎಷ್ಟು ಜನ ಇದ್ದಾರೆ ಎಂದು ಶಿವಲಿಂಗಮ್ಮ ಕೇಳಿದಳು.

ಸಾಲ್ಮೆ ಬೇಳೆಯಿಂದ ಒಂದು ದೊಡ್ಡ ಗುಡ್ಡೆ ಮಾಡಿದಳು. ಇದು ಫಿನ್‌ಲ್ಯಾಂಡಿನವರು. ಕೆನ್ನೆ ಜೋತುಬಿಟ್ಟುಕೊಂಡು ಅವರು ಮಾತು ಎಳೆಯುವುದನ್ನು ಅಣಕಿಸಿ ತೋರಿಸಿದಳು. ಅದರ ಪಕ್ಕ ಸಣ್ಣ ಗುಡ್ಡೆ. ಇದು ಎಸ್ಟೋನಿಯದವರು, ಪುಸ್ತಕದ ಮಾತಿನವರು. ಆಮೇಲೆ ಒಂದು ಚಿಟಿಕೆ, ಕರೇಲಿಯದವರು, ರಷ್ಯದ ಅಂಚಿನ ಕಾಡು ಕೆರೆಗಳ ಜನ. ಅದಕ್ಕಿಂತ ಸಣ್ಣ ಚಿಟಿಕೆ, ವೆಪ್ಸರು. ಆಮೇಲೆ ಬೆರಳ ತುದಿಗೆ ಅಂಟಿದಷ್ಟು ಕಾಳು, ವೋಟಿಯನ್ನರು, ಇಂಗ್ರಿಯದವರು. ಎಲ್ಲರದೂ ಒಂದೇ ಬಳ್ಳಿಯ ಮಾತು. ಕೊನೆಗೆ ದೂರದಲ್ಲಿ, ಮೇಜಿನ ತುದಿಗೆ, ಒಂದೇ ಒಂದು ಬೇಳೆ ಇಟ್ಟಳು. ಲಿವೋನಿಯದವರು. ತಾಯಿಯ ಎದೆಹಾಲಿನೊಂದಿಗೆ ಆ ಮಾತು ಕಲಿತಿದ್ದ ಕೊನೆಯ ಮುದುಕಿ ಕೆನಡಾದಲ್ಲಿ ತೀರಿಕೊಂಡ ಸುದ್ದಿ ಆಗ ಬಂದಿತ್ತು. ಆ ಒಂದು ಬೇಳೆಯನ್ನು ಸಾಲ್ಮೆ ಬೆರಳಿನಿಂದ ಒತ್ತಿ ಹಿಡಿದಳು.

ನೀನೆಲ್ಲಿ ಎಂದು ಶಿವಲಿಂಗಮ್ಮ ಕೇಳಿದಳು.

ಸಾಲ್ಮೆ ಎಸ್ಟೋನಿಯದ ಗುಡ್ಡೆಗೆ ಬೆರಳು ಹಾಕಿ, ಅದರ ಒಂದು ಮಗ್ಗುಲನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡಳು. ವೊರೊ, ವೊರು ಸೀಮೆಯ ಮಾತು. 'ಇಮ್ಯಾ' ಎಂದಳು. ಅಮ್ಮ ಎಂದರ್ಥ. ಇದು ಅಮ್ಮನ ಮಾತು. ಚಿಕ್ಕವಳಿದ್ದಾಗ ಲೇಕ್‌ವುಡ್ಡಿನ ಶನಿವಾರದ ಶಾಲೆಯಲ್ಲಿ ಈ ಮಾತಾಡಿದರೆ ಟೀಚರು ಮೂಗು ಮುಚ್ಚಿಕೊಂಡು ಇದು ದನದ ಕೊಟ್ಟಿಗೆಯ ಮಾತು ಅನ್ನುತ್ತಿದ್ದಳಂತೆ. ಆಗ ಅವರೆಲ್ಲ ಅಲ್ಲಿನ ಕೋಳಿ ಫಾರಂಗಳಲ್ಲಿ ಮೊಟ್ಟೆ ಆರಿಸುತ್ತಿದ್ದವರು. ಕೊಟ್ಟಿಗೆ ವಾಸನೆ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಆದರೂ ಹುಡುಗಿ ನಾಚಿಕೊಂಡಳು. ಪೀಟರ್ ಹುಟ್ಟಿದಾಗ ಅವನಿಗೆ ಪುಸ್ತಕದ ಮಾತನ್ನೇ ಕಲಿಸಿದಳು. ಅವನಿಗೆ ಅದೂ ಈಗ ಉಳಿದಿಲ್ಲ.

ಶಿವಲಿಂಗಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಬೆಂಗಳೂರಿನ ಹೆಂಗಸೊಬ್ಬಳು "ನಿಮ್ಮ ಕನ್ನಡ ಎಷ್ಟು ಕ್ಯೂಟಾಗಿದೆ ಆಂಟಿ, ಇನ್ನೊಂದ್ಸಲ ಹೇಳಿ" ಎಂದಿದ್ದಳು. ಶಿವಲಿಂಗಮ್ಮ ಊಟ ಮುಗಿಯುವ ತನಕ ಮತ್ತೆ ಬಾಯಿ ಬಿಟ್ಟಿರಲಿಲ್ಲ.

ನಿಮ್ಮವರು ಎಷ್ಟು ಎಂದು ಸಾಲ್ಮೆ ಹುಬ್ಬು ಹಾರಿಸಿದಳು. ಶಿವಲಿಂಗಮ್ಮ ಎದ್ದು, ಡಬ್ಬಿಯನ್ನೇ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಬೇಳೆ ನಾಲ್ಕೂ ಕಡೆ ಹರಿದು ಫಿನ್ನರನ್ನೂ ಎಸ್ಟೋನಿಯದವರನ್ನೂ ನುಂಗಿಕೊಂಡಿತು. ಸಾಲ್ಮೆ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಶಿವಲಿಂಗಮ್ಮ ಆ ರಾಶಿಯ ಒಂದು ಮಗ್ಗುಲಿಗೆ ಬೆರಳು ಹಾಕಿ, ಸಾಲ್ಮೆ ಎಳೆದ ಹಾಗೆಯೇ, ಒಂದು ಹಿಡಿಯಷ್ಟನ್ನು ಈಚೆಗೆ ಎಳೆದುಕೊಂಡು "ಚಾಮರಾಜನಗರ" ಎಂದಳು.

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ದಿನದ ಸಾರಿಗೆ ಎಲ್ಲ ಗುಡ್ಡೆಯೂ ಬೆಂದಿತು. ಸಾಲ್ಮೆ ಎರಡು ಸಲ ಹಾಕಿಸಿಕೊಂಡು ತಿಂದಳು.

*

ಶವದ ಕಾರು ಆಗಲೇ ಸಾಲ್ಮೆಯ ಮನೆಯ ಮುಂದೆ ಬಂದು ನಿಂತಿತ್ತು. ಮನೆಯಿಂದಲೇ ಹೊರಡಬೇಕು ಎಂದು ಅವಳು ಮುಂಚೆಯೇ ಮಗನಿಗೆ ಹೇಳಿಟ್ಟಿದ್ದಳು. ಹುಲ್ಲಿನ ಮೇಲೆ ಪೀಟರ್ ಟೈ ಸಡಿಲ ಮಾಡಿಕೊಂಡು ನಿಂತಿದ್ದ. ಪಕ್ಕದಲ್ಲಿ ಲೇಕ್‌ವುಡ್ಡಿನಿಂದ ಬಂದ ಹೇಯ್ನೊ ಎಂಬ ಮುದುಕ, ಕೋಳಿ ಫಾರಂ ಕಾಲದಿಂದ ಸಾಲ್ಮೆಯನ್ನು ಬಲ್ಲವನು. ಅವರ ಹಿಂದೆ ಒಂದು ದೊಡ್ಡ ಪೈನಿನ ಮೋಟು. ಸಾಲ್ಮೆ ತನ್ನ ಗುರುತಿಗೆಂದು ಆರಿಸಿಟ್ಟುಕೊಂಡಿದ್ದ ಮರ ಅದು. ಹೋದ ವರ್ಷದ ಬಿರುಗಾಳಿಗೆ ಉರುಳಿತ್ತು. ಇನ್ನೊಂದು ಮರ ನೋಡಿಕೊಳ್ಳಬೇಕು, ನೋಡಿಕೊಳ್ಳಬೇಕು ಎನ್ನುತ್ತಲೇ ಅವಳು ಹೋಗಿಬಿಟ್ಟಿದ್ದಳು.

ಶಿವಲಿಂಗಮ್ಮ ಚಾಕನ್ನು ಬಟ್ಟೆಯಲ್ಲಿ ಸುತ್ತಿ ಪೀಟರನ ಕೈಗಿಟ್ಟಳು. ಅವನು ಅಲಗನ್ನು ಹೆಬ್ಬೆರಳಿಗೆ ತಾಕಿಸಿ, ಬೆಚ್ಚಿ ಹಿಂದೆಗೆದು, ನಕ್ಕ. ಅವಳು ಬೀದಿಯ ಇಳಿಜಾರಿನ ಕಡೆ, ತಮ್ಮ ಮನೆಯ ಮುಂದಿನ ಸ್ಪ್ರೂಸ್ ಮರಕ್ಕೆ ಕೈ ತೋರಿಸಿ "ರಿಸ್ತಿಪೂ" ಎಂದಳು. ಶಿಲುಬೆಮರ. ತಾಯಿಯ ಮಾತಿನಲ್ಲಿ ಪೀಟರನಿಗೆ ಗೊತ್ತಿದ್ದ ಕೆಲವೇ ಪದಗಳಲ್ಲಿ ಅದೊಂದು. ಉಳಿದದ್ದನ್ನು ಹಂಸಾ ಇಂಗ್ಲಿಷಿನಲ್ಲಿ ಹೇಳಿದಳು.

ಪೀಟರ್ ಮರದ ಕಡೆ ನೋಡಿದ. ಹೇಯ್ನೊ ಬೇಡವೆಂದು ತಲೆಯಾಡಿಸಿದ.

"ಲೇಕ್‌ವುಡ್ಡೇ ಸರಿ," ಎಂದ. "ಅಲ್ಲಿ ಅವಳ ಗಂಡ ಇದ್ದಾನೆ, ಅಮ್ಮ ಇದ್ದಾಳೆ. ನಮ್ಮವರೆಲ್ಲ ಅಲ್ಲೇ ಸಾಲಾಗಿ ಮಲಗಿದ್ದಾರೆ. ಇಲ್ಲಿ ಈ ಮನೆ ಮಾರಿಹೋಗುತ್ತೆ, ಬೇರೆ ಯಾರೋ ಬರ್ತಾರೆ. ನಾನು ಎಸ್ಟೋನಿಯದ ದ್ವೀಪದ ಕಡೆಯವನು, ಅಲ್ಲಿ ಮರ ಗೀರೋ ಪದ್ಧತಿಯಿಲ್ಲ, ಹೂತರೆ ಮುಗೀತು. ಆದ್ರೂ ಗೀರೋದೇ ಆದ್ರೆ ನಮ್ಮವರ ಹತ್ತಿರ ಗೀರಿ."

ಹಂಸಾ ಅದನ್ನು ಅತ್ತೆಗೆ ಹೇಳಿದಳು. ಶಿವಲಿಂಗಮ್ಮನಿಗೆ ಅವನ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಗಂಡನ ಪಕ್ಕ, ತಾಯಿಯ ಪಕ್ಕ, ಅದಕ್ಕಿಂತ ಹತ್ತಿರದವರು ಯಾರು? ಅವಳು ಸೆರಗನ್ನು ಸ್ವೆಟರಿನೊಳಕ್ಕೆ ಸಿಕ್ಕಿಸಿಕೊಂಡಳು. ಇನ್ನು ಸುಮ್ಮನಾಗಿಬಿಡೋಣ ಎಂದುಕೊಂಡಳು. ಆದರೆ ಆ ಮೋಟು ಕಣ್ಣೆದುರಿಗೇ ಇತ್ತು.

"ಹಂಸಾ, ಅವ್ರ ತಾತನ ಮರದ ಇಚಾರ ಅವನಿಗೆ ಗೊತ್ತಾ ಕೇಳು."

ಹಂಸಾ ಕೇಳಿದಳು. ಪೀಟರನಿಗೆ ಗೊತ್ತಿರಲಿಲ್ಲ. ಹಂಸಾಳಿಗೂ ಗೊತ್ತಿರಲಿಲ್ಲ. ಶಿವಲಿಂಗಮ್ಮ ಒಂದೊಂದೇ ಮಾತು ಹೇಳಿ ನಿಲ್ಲಿಸಿದಳು, ಸೊಸೆ ಒಂದೊಂದೇ ಮಾತು ದಾಟಿಸಿದಳು.

"ಸಾಲಮ್ಮ ಕೂಸಾಗಿದ್ದಾಗ ಅವ್ರಪ್ಪ ತೀರ್ಕಂಡ್ರು. ಹೊಲದ ದಾರೀಲಿ ಒಂದು ಮರಕ್ಕೆ ಗುರುತು ಮಾಡಿದ್ರು. ಆಮೇಲೆ ಯುದ್ಧ ಬಂತು. ಊರು ಬುಟ್ಟು ಓಡೋಗಬೇಕಾಯ್ತು. ಗಾಡಿ ಹತ್ತಿ ಹೊಂಟ್ರು. ಆ ಮರದ ತಾವ ಬಂದಾಗ ಅವ್ರವ್ವ ಗಾಡಿ ನಿಲ್ಸಿ, ಇಳಿದು, ಬೇರಿನ ಮೇಲೆ ಒಂದು ತುಂಡು ರೊಟ್ಟಿ ಮಡಗಿ ಹೇಳಿದ್ರಂತೆ, ನಾವು ಹೋಯ್ತಾ ಇದೀವಿ, ಇನ್ಮೇಲೆ ನೀನು ಬಂದ್ರೆ ಇಲ್ಲಿ ಯಾರೂ ಇರಾಕಿಲ್ಲ, ಕೋಪ ಮಾಡ್ಕಬ್ಯಾಡ, ಅಂತ."

ಹಂಸಾ ಅದನ್ನು ದಾಟಿಸಿ ಮುಗಿಸುವ ತನಕ ಶಿವಲಿಂಗಮ್ಮ ಕಾದಳು. ಆಮೇಲೆ ಮುಂದುವರಿಸಿದಳು.

"ಈ ಮರ ಬಿದ್ದ ದಿನ ಅವ್ಳು ಹೇಳಿದ್ದು ಅದೇ. ನಮ್ಮಪ್ಪ ಮರದ ಗಂಟ ಬಂದು ಬಂದು ನೋಡ್ಕಂಡು ಹೋಗಿರ್ತಾನೆ, ಯಾರೂ ಸಿಕ್ಕಿರಾಕಿಲ್ಲ, ಅಂತ. ಸ್ಮಶಾನದ ಒಳಗೆ ನಿಮ್ಮೋರು ಅವ್ರೆ, ನಿಜ. ಗೇಟ್ ತಾವ ಯಾರವ್ರೆ? ನಾನು ದಿನಾ ಇಲ್ಲೇ ಕೂತಿರ್ತಿನಿ. ನಾನು ಹೋದ್ರೆ ಇವ್ಳು ಕಿಟಕೀಲಿರ್ತಾಳೆ."

ಪೀಟರ್ ಹೇಯ್ನೊನ ಮುಖ ನೋಡಿದ. ಹೇಯ್ನೊ ನೆಲ ನೋಡುತ್ತಿದ್ದ.

"ಅಮ್ಮ ನನಗೆ ಇದನ್ನ ಹೇಳಲೇ ಇಲ್ಲ," ಎಂದ ಪೀಟರ್.

"ಅದು ಇಂಗ್ಲಿಷಲ್ಲಿ ಹೇಳೋ ಮಾತಲ್ಲ," ಎಂದ ಹೇಯ್ನೊ. ಆಮೇಲೆ ಕೆಮ್ಮಿ, "ಆ ಮರ ಚೆನ್ನಾಗೇ ಇದೆ. ನೆಟ್ಟಗಿದೆ," ಎಂದ.

"ನಿನ್ನೆಯೇ ನನ್ನ ಕಣ್ಣು ಅದರ ಮೇಲೆ ಬಿದ್ದಿತ್ತು," ಪೀಟರ್ ಹಂಸಾಳಿಗೆ ಹೇಳಿದ. "ಆದರೆ ನಿಮ್ಮ ಮನೆ ಮುಂದೆ ಸಾವಿನ ಗುರುತು ಇಡಬಹುದೇ ಅಂತ ಯಾವ ಬಾಯಲ್ಲಿ ಕೇಳಲಿ? ನಿಮ್ಮಲ್ಲಿ ಅದು ಆಗುತ್ತೋ ಇಲ್ಲವೋ."

ಹಂಸಾ ಅತ್ತೆಗೆ ಹೇಳಿದಳು. ಶಿವಲಿಂಗಮ್ಮ ಅವನ ಕೋಟಿನ ತೋಳಿಗೆ ಅಂಟಿದ್ದ ದಾರವೊಂದನ್ನು ಕಿತ್ತು ಬಿಸಾಡಿದಳು. "ಇವನೂ ಅವನವ್ವನಂಗೇ. ಕೇಳಬೇಕಾದ್ದ ಬುಟ್ಟು ಬ್ಯಾರೆ ಎಲ್ಲ ಕೇಳ್ತಾನೆ."

*

ಕರಿಯ ಕಾರು ಇಳಿಜಾರಿನಲ್ಲಿ ಮೆಲ್ಲಗೆ ಬಂದು ಸ್ಪ್ರೂಸ್ ಮರದ ಪಕ್ಕ ನಿಲ್ಲುವುದಕ್ಕೂ ಶಾಲೆಯ ಬಸ್ಸು ಕೆಳಗಿನಿಂದ ಹತ್ತಿ ಬರುವುದಕ್ಕೂ ಸರಿಹೋಯಿತು. ಬೆನ್ನಿಗೆ ಚೀಲ ಹಾಕಿಕೊಂಡು ಕಾಯುತ್ತಿದ್ದ ಮಕ್ಕಳು ಒಂದು ಕಣ್ಣು ಬಸ್ಸಿನ ಮೇಲೆ, ಇನ್ನೊಂದು ಚಾಕಿನ ಮೇಲೆ ಇಟ್ಟು ನಿಂತರು. ಕೆಂಪು ಹಲಗೆ ಚಾಚಿಕೊಂಡಿತು. ಎರಡೂ ಕಡೆಯ ಕಾರುಗಳು ನಿಂತವು.

ಪೀಟರ್ ಮರದ ಮನೆ ಕಡೆಯ ಮಗ್ಗುಲಿಗೆ ಬಂದು ಮಂಡಿಯೂರಿದ. ಮೊದಲ ಗೀರು ಓರೆಯಾಯಿತು. ತೊಗಟೆಯ ಚಕ್ಕೆ ಹಾರಿ ಒಳಗಿನ ಬೆಳ್ಳನೆ ಮೈ ಕಂಡಿತು, ರಾಳದ ವಾಸನೆ ಎದ್ದಿತು.

"ಸ್ವಲ್ಪ ಎಡಕ್ಕೆ," ಎಂದ ರಾಕೇಶ್ ಇಂಗ್ಲಿಷಿನಲ್ಲಿ. "ಕ್ಷಮಿಸಿ. ಅಲ್ಲಿಂದಾಚೆ ಟೌನ್‌ಶಿಪ್ಪಿನದು."

ಪೀಟರ್ ತಿರುಗಿ ನೋಡಿದ, ಅವನ ಹೆಗಲು ನಗುವಿಗೆ ಕುಲುಕಿತು. ಹೇಯ್ನೊ ಕೂಡ ನಕ್ಕ. ಶವದ ಕಾರಿನ ಡ್ರೈವರು ನಗಬಹುದೋ ಬಾರದೋ ತಿಳಿಯದೆ ಟೋಪಿ ತೆಗೆದು ಹಾಕಿಕೊಂಡ.

ಮಕ್ಕಳು ಹತ್ತಿ ಕೂತಾಯಿತು. ಬಸ್ಸು ಹೊರಡಲಿಲ್ಲ. ಈಗಿನ ಡ್ರೈವರು ಸಾಲ್ಮೆಯ ಕೈಕೆಳಗೆ ಕೆಲಸ ಕಲಿತವಳು. ಅವಳೂ ಸ್ಟೀರಿಂಗ್ ಮೇಲೆ ಮೊಣಕೈ ಊರಿ ನೋಡುತ್ತ ಕೂತಳು. ಹಿಂದೆ ಯಾರೋ ಹಾರನ್ ಒತ್ತಿದರು. ಅವಳು ಕೇಳಿಯೇ ಇಲ್ಲ ಎಂಬಂತಿದ್ದಳು. ಕೆಂಪು ದೀಪಗಳು ಮಿಣುಕುತ್ತಲೇ ಇದ್ದವು. ಅಡ್ಡ ಗೀರೂ ಮುಗಿದು ಪೀಟರ್ ಎದ್ದು ನಿಂತ ಮೇಲೆಯೇ ಹಲಗೆ ಒಳಗೆ ಮಡಚಿಕೊಂಡಿತು.

ರಸ್ತೆಯಾಚೆ ಅಶ್ವತ್ಥನಾರಾಯಣರು ಮಂಕಿ ಕ್ಯಾಪು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಬೋಳುತಲೆಯನ್ನು ಬೀದಿಯವರು ಹೊರಗಡೆ ಕಂಡದ್ದು ಅದೇ ಮೊದಲು.

*

ಲೇಕ್‌ವುಡ್ಡಿನ ಮಣ್ಣು ಬರೀ ಮರಳು. ಪಾದ್ರಿ ಪುಸ್ತಕದ ಮಾತಿನಲ್ಲಿ ಓದಿದರು, ಮುದುಕಿಯರು ನಾಲ್ಕು ಜನ ಪುಸ್ತಕದ ಮಾತಿನಲ್ಲೇ ಹಾಡಿದರು. ಹೂಳುವುದು ಶಿವಲಿಂಗಮ್ಮನಿಗೆ ಹೊಸದಲ್ಲ. ಸರದಿ ಬಂದಾಗ ಸೊಂಟದಲ್ಲಿದ್ದ ಪೊಟ್ಟಣದಿಂದ ಚಿಟಿಕೆ ವಿಭೂತಿ ತೆಗೆದು ಮರಳಿನ ಜೊತೆ ಬೆರೆಸಿ ಬಿಟ್ಟಳು.

"ಐತುಮ್ಯಾ, ಸಾಲಮ್ಮ," ಎಂದಳು. ಉಪಕಾರವಾಯಿತು ಎಂದು ವೊರು ಸೀಮೆಯವರು ಹೇಳುವ ಮಾತು ಅದು.

ಹೇಯ್ನೊ ಯಾರು ಮಾತಾಡಿದ್ದೆಂದು ಕತ್ತು ಹೊರಳಿಸಿ ನೋಡಿದ. ಆಮೇಲೆ ಪೀಟರನ ಕಿವಿಯಲ್ಲಿ, "ಸಾಲ್ಮೆಯೇ ಹೇಳಿದ ಹಾಗಿತ್ತು. ಅದೇ ಎಳೆತ," ಎಂದ.

ಕಾಫಿ, ಕಪ್ಪು ರೊಟ್ಟಿ, ಉಪ್ಪು ಮೀನು ಎಲ್ಲ ಮುಗಿದು ಮನೆ ಸೇರಿದಾಗ ಬಿಸಿಲು ಓರೆಯಾಗಿತ್ತು. ಹಂಸಾ ಸೀರೆಗೆ ಏಪ್ರನ್ ಕಟ್ಟಿಕೊಂಡು ಸಿಂಕಿನ ಮುಂದೆ ನಿಂತಳು. ರಾಕೇಶ್ ಕಾರು ಲಾಕ್ ಮಾಡಿ ಬರುವಷ್ಟರಲ್ಲಿ ಶಿವಲಿಂಗಮ್ಮ ಮರದ ಬಳಿ ಹೋಗಿ ಒಂದು ಕುರ್ಚಿಯನ್ನು ಎಳೆಯುತ್ತಿದ್ದಳು. ಮೇಲ್ಗಡೆಯಿಂದ, ಸಾಲ್ಮೆಯ ಮನೆಯ ದಿಕ್ಕಿನಿಂದ, ಮರವನ್ನು ಸುತ್ತಿಸಿ, ಕೆಳಗಡೆಗೆ. ಲೇಕ್‌ವುಡ್ಡಿನ ಹೆದ್ದಾರಿಗೆ ಸೇರುವ ದಿಕ್ಕಿಗೆ.

"ಅಲ್ಯಾಕವ್ವ? ಅಲ್ಲಿ ನೆರಳಿಲ್ಲ. ಇಳಿಜಾರು ಬೇರೆ."

"ಮೇಲ್ಗಡೆ ಇದ್ರೆ ಅವ್ಳು ಗುರುತು ದಾಟಬೇಕಾಯ್ತದಲ್ಲಪ್ಪ."

ರಾಕೇಶ್ ಮರವನ್ನು ನೋಡಿದ, ರಸ್ತೆಯನ್ನು ನೋಡಿದ. ಇನ್ನೊಂದು ಕುರ್ಚಿಯನ್ನು ಎತ್ತಿ ತಂದು ಮೊದಲನೆಯದರ ಪಕ್ಕ ಇಟ್ಟ. ಶಿವಲಿಂಗಮ್ಮ ಒಂದರಲ್ಲಿ ಕೂತು ಕಾಲು ಚಾಚಿಕೊಂಡಳು. ಎರಡನೆಯದು ಇಳಿಜಾರಿಗೆ ವಾಲಿ ಕುಂಟುತ್ತಿತ್ತು. ಅವನು ಹೂವಿನ ಪಾತಿಯಿಂದ ಚಪ್ಪಟೆ ಕಲ್ಲೊಂದನ್ನು ಆರಿಸಿ ತಂದು, ಕರಿ ಸೂಟಿನಲ್ಲೇ ಹುಲ್ಲಿನ ಮೇಲೆ ಮಂಡಿಯೂರಿ, ಅದರ ಕಾಲಡಿಗೆ ಕೊಟ್ಟ. ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಸಾಲದೆ ಇನ್ನೊಂದು ತೆಳ್ಳನೆ ಚಕ್ಕೆ ಸೇರಿಸಿದ. ಆಮೇಲೆ ಎರಡೂ ಕೈ ಊರಿ, ಮೈಭಾರವೆಲ್ಲ ಬಿಟ್ಟು, ಆ ಕುರ್ಚಿಯನ್ನು ಅಲ್ಲಾಡಿಸಿ ನೋಡಿದ.

ಅಲ್ಲಾಡಲಿಲ್ಲ.